ಅವನು ಅಳಿಸದೆ ಬಿಟ್ಟ ಗೆರೆಗಳು

"ಈ ಗೆರೆ ಎಳ್ದಿದ್ಯಾರು?"

ಕೆಂಪಾಪುರದ ಆ ಆಫೀಸಿಗೆ ಸೇರಿ ಸುಮಾಗೆ ಅದು ಎರಡನೇ ದಿನ.

"ನಾನು... ಯಾಕ್ರೀ?"

"ಮಡಕೆ ನೀರು ತಂಪಾಗೋದು ಮಣ್ಣಿನ ಗುಣದಿಂದ ಅಂತ ಬರ್ದಿದೀರ. ತಪ್ಪು! ಜಿನುಗಿದ ನೀರು ಆವಿಯಾಗುವಾಗ ಶಾಖ ಎಳ್ಕೊಂಡು ಹೋಗುತ್ತೆ. ತತ್ವ ಅದು."

ಎಲ್ಲರೆದುರೇ ಸ್ಕ್ರೀನಿನ ಮೇಲಿದ್ದ ಅವಳ ಗೆರೆ ಅಳಿಸಿಬಿಟ್ಟ ವಿಜಯ್ ಕುಮಾರ್. ಏನು ಕೊಬ್ಬು ಇವನಿಗೆ! ಆದರೆ ಹೇಳಿಕೊಟ್ಟಿದ್ದು ಮಾತ್ರ ಮರೆಯುವಂತಿರಲಿಲ್ಲ.

ಅಲ್ಲಿನ ಕೆಲಸವೇ ಅದು. ಶಾಲೆಯ ವಿಜ್ಞಾನಕ್ಕೊಂದು ನಾಲೆಡ್ಜ್ ಗ್ರಾಫ್. ಒಂದು ಪರಿಕಲ್ಪನೆಯಿಂದ ಇನ್ನೊಂದಕ್ಕೆ ಗೆರೆ ಎಳೆದು, ಎರಡಕ್ಕೂ ಏನು ಸಂಬಂಧ, ಅದರ ಹಿಂದಿನ ತತ್ವ ಯಾವುದು ಎಂದು ಬರೆಯಬೇಕು. ಸುಮಾ ಬರೆದದ್ದನ್ನು ವಿಜಯ್ ತಿದ್ದಬೇಕು. ಆರು ತಿಂಗಳು ಸರಿಯಾಗಿ ಮಾಡಿದರೆ ಕೆಲಸ ಕಾಯಂ.

ಅಟ್ಟೂರಿನಲ್ಲಿ ಅವಳಪ್ಪ ಪಿಳ್ಳಣ್ಣ ಆಗಲೇ ಟೀ ಅಂಗಡಿ ತುಂಬ ಸಾರಿಯಾಗಿತ್ತು. "ನಮ್ ಮಗ್ಳು ಆಪೀಸಿಗ್ ಓಯ್ತಾವ್ಳೆ ಕಣ್ರಲಾ!"

ತಿದ್ದುತ್ತ ತಿದ್ದುತ್ತ ಇಬ್ಬರೂ ಒಂದೇ ಡಬ್ಬಿಯಲ್ಲಿ ಊಟ ಮಾಡುವಷ್ಟು ಹತ್ತಿರವಾದರು. ನಾಲ್ಕನೇ ತಿಂಗಳಿಂದ ಅವನು ಒಂದು ಗೆರೆಯನ್ನೂ ಅಳಿಸಲಿಲ್ಲ.

'ಕಲಿತೇಬಿಟ್ಟೆ!' ಎಂದು ಬೀಗಿದಳು ಹುಡುಗಿ. ಪಾಪ...

ಆರನೇ ತಿಂಗಳು ಹೊರಗಿನವರು ಬಂದು ಪರಿಶೀಲಿಸಿದರು. ಸುಮಾಳದು ಅರವತ್ತೊಂದು ತಪ್ಪು! ಮಧ್ಯಾಹ್ನದೊಳಗೆ ಐಡಿ ಕಾರ್ಡ್ ವಾಪಸ್ ತೆಗೆದುಕೊಂಡು ಕಳಿಸಿದರು. ವಿಜಯ್ ತಲೆ ತಗ್ಗಿಸಿ ಕೂತಿದ್ದ.

ಇವನೇ ಚಾಡಿ ಹೇಳಿರಬೇಕು! ಹಾಗಂತ ಒಂದು ಮೆಸೇಜ್ ಹಾಕಿ, ಅವಳು ಅವನ ಫೋನ್ ಎತ್ತುವುದನ್ನೇ ಬಿಟ್ಟಳು. ಅಪ್ಪ ಟೀ ಅಂಗಡಿ ಕಡೆ ತಲೆ ಹಾಕುವುದನ್ನೇ ಬಿಟ್ಟ.

ತಿಂಗಳಾದ ಮೇಲೆ ಯಲಹಂಕದ ಬಸ್ ಸ್ಟಾಪಿನಲ್ಲಿ ಅವನು ಎದುರಾದ.

"ಚಾಡಿ ಹೇಳಿದ್ದು ನಾನಲ್ಲ ಸುಮಾ. ಆ ತಪ್ಪುಗಳೆಲ್ಲ... ನಂಗೆ ಕಾಣ್ತಿತ್ತು. ನೀವು ನೊಂದ್ಕೋತೀರ ಅಂತ ಸುಮ್ನೆ ಬಿಟ್ಬಿಟ್ಟೆ. ನಿಮ್ಮನ್ನ ಪ್ರೀತಿಸ್ತಿದ್ದೆ ಕಣ್ರೀ!"

ಅವಳ ಮೈಯೆಲ್ಲ ಉರಿಯಿತು. ಚಾಡಿಯನ್ನಾದರೂ ಕ್ಷಮಿಸಬಹುದಿತ್ತು!

"ತಪ್ಪು ಅಂದಿದ್ರೆ ಒಂದಿನ ಅಳ್ತಿದ್ದೆ. ಆಮೇಲೆ ಕಲೀತಿದ್ದೆ! ಪ್ರೀತಿ ಅಂದ್ಕೊಂಡು ನನ್ ಅನ್ನ ಕಿತ್ಕೊಂಡ್ರಲ್ರೀ... ಆಫೀಸಲ್ಲಿ ನಿಮ್ಗೇನಾಯ್ತು?"

"ಬರೀ ಮೆಮೋ..."

"ನೋಡಿ ಮತ್ತೆ!"

ಪ್ರೀತಿ ಕುರುಡು ಅಂತಾರೆ. ಸುಳ್ಳು ಕಣ್ರೀ! ಇವನ ಪ್ರೀತಿ ಎಲ್ಲವನ್ನೂ ನೋಡಿ, ಬೇಕೆಂದೇ ಕಣ್ಣು ಮುಚ್ಚಿಕೊಂಡಿತ್ತು.

ಅಟ್ಟೂರಿನ ಬಸ್ ಬಂತು, ಹೋಯಿತು. ಅವಳು ಹತ್ತಲಿಲ್ಲ, ಬೆಂಚಿನ ಮೇಲೆ ಕೂತಳು. ಬ್ಯಾಗಿನಿಂದ ಹಾಳೆಯೊಂದನ್ನು ತೆಗೆದಳು. ನಾಳೆ ಹೆಬ್ಬಾಳದಲ್ಲಿ ಇಂಥದೇ ಕೆಲಸಕ್ಕೆ ಇಂಟರ್‌ವ್ಯೂ ಇತ್ತು. ಅದಕ್ಕೆಂದೇ ಬರೆದು ಅಭ್ಯಾಸ ಮಾಡಿದ್ದಳು.

"ನೋಡಿ ಹೇಳಿ."

ಅವನು ಓದಿದ. "ಚೆನ್ನಾಗಿದೆ..." ಅಂದವನು ಅವಳ ಮುಖ ನೋಡಿ ಮಾತು ನುಂಗಿದ. "ಇಲ್ಲ. ಮೂರನೇದು ತಪ್ಪು. ಐಸ್ ತೇಲೋದು ತೂಕ ಕಮ್ಮಿ ಅಂತಲ್ಲ, ನೀರಿಗಿಂತ ಸಾಂದ್ರತೆ ಕಮ್ಮಿ ಅಂತ. ಐದನೇದೂ ತಪ್ಪು. ಏಳನೇದಂತೂ... ಪೂರ್ತಿ ತಪ್ಪು."

ಒಂದೊಂದು ಮಾತಿಗೂ ಅವಳ ಕಣ್ಣು ತುಂಬಿಬಂತು. ಆದರೂ ಅವನು ನಿಲ್ಲಿಸಲಿಲ್ಲ.

"ನಾನಿನ್ನೂ ನಿಮ್ಮನ್ನ ಕ್ಷಮಿಸಿಲ್ಲ."

"ಗೊತ್ತು."

"ಆ ಕೆಲ್ಸ ವಾಪಸ್ ಬರಲ್ಲ. ನಮ್ಮಪ್ಪನ ಮುಖ ನೋಡಕ್ಕಾಗ್ತಿಲ್ಲ ನಂಗೆ..."

"ಗೊತ್ತು ಸುಮಾ."

ಅವಳು ಕಣ್ಣೊರೆಸಿಕೊಂಡು, ಬೆಂಚಿನ ಮೇಲೆ ತುಸು ಸರಿದು ಜಾಗ ಬಿಟ್ಟಳು.

"ಕೂತ್ಕೊಳ್ಳಿ. ಏಳನೇದು ಹೇಳ್ಕೊಡಿ."