ಹೋಟೆಲಿನ ಕಡೆಯುವ ಕಲ್ಲು

ಜುಲೈ ಹದಿನೇಳರ ಬೆಳಿಗ್ಗೆ ಠಾಣೆಗೆ ಬಂದ ಅಂಕಿತ್, ತನ್ನ ಹೋಟೆಲಿನ, ಮಸಾಲೆ ಅರೆಯುವ ಕಡೆಯುವ ಕಲ್ಲು ಕಳವಾಗಿದೆಯೆಂದು ದೂರು ಬರೆದುಕೊಟ್ಟ. ಚಿನ್ನ, ಬೈಕು, ಒಣಗಲು ಹಾಕಿದ ಅಡಿಕೆ ಕಳವಾದ ದೂರುಗಳನ್ನೇ ಕಂಡಿದ್ದ ಠಾಣೆಗೆ ಇದು ಹೊಸತು. ಆದರೂ ಸಬ್ ಇನ್‌ಸ್ಪೆಕ್ಟರ್ ಶಶಿರಾಜ್ ಎಫ್‌ಐಆರ್ ದಾಖಲಿಸಿ, ಕಾನ್‌ಸ್ಟೆಬಲ್ ಗಣೇಶಪ್ರಸಾದನನ್ನು ಕರೆದುಕೊಂಡು ವಾಮದಪದವಿಗೆ ಹೊರಟರು.

ಹೋಟೆಲು ಅಂಕಿತನ ಅಜ್ಜನ ಕಾಲದ್ದು. ಹಂಚಿನ ಮಾಡು, ನಾಲ್ಕು ಬೆಂಚು, ಕೈತೊಳೆಯಲು ಒಂದು ನಲ್ಲಿ. ಸಿಗುವುದು ಕೋರಿ ರೊಟ್ಟಿ ಮತ್ತು ಆಡಿನ ಸುಕ್ಕ, ಮುಗಿದರೆ ಮುಗಿಯಿತು. ಅಷ್ಟಕ್ಕೇ ಬೆಳ್ತಂಗಡಿ, ಮೂಡುಬಿದಿರೆಯಿಂದ ಜನ ಬಂದು ಗರಿಗರಿ ರೊಟ್ಟಿಯ ಮೇಲೆ ಕೋಳಿಗಸಿ ಸುರಿಸಿಕೊಂಡು, ಬೆವರು ಒರೆಸಿಕೊಳ್ಳುತ್ತ ಉಣ್ಣುತ್ತಿದ್ದರು. ಶಶಿರಾಜ್ ಜೈನರು, ಮಾಂಸ ಮುಟ್ಟಿದವರಲ್ಲ. ಗಣೇಶಪ್ರಸಾದ್ ಮಾತ್ರ ಇಲ್ಲಿಯ ಹಳೆಯ ಗಿರಾಕಿ.

ಕಳವಾಗುವ ತನಕ ಕಲ್ಲು ಬಾಗಿಲ ಬಳಿ ಪ್ರದರ್ಶನಕ್ಕಿತ್ತು. ಮೈಗೆ ವಾರ್ನಿಶ್, ಗುಳಿಯೊಳಗೆ ಹೂವಿನ ಕುಂಡ, ಮೇಲೆ 'ಕಲ್ಲಿನಲ್ಲಿ ಅರೆದ ಮಸಾಲೆ' ಎಂಬ ಬೋರ್ಡು. ಬೋರ್ಡಿನ ಹಿಂದೆಯೇ ಗ್ರೈಂಡರ್ ಗರಗರ ಎನ್ನುತ್ತಿತ್ತು. ಒಬ್ಬ ಆಗಲೇ ಏಣಿ ಹತ್ತಿ ಕ್ಯಾಮೆರಾ ಕೂರಿಸುತ್ತಿದ್ದ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ.

ಪಂಚನಾಮೆ ನಡೆಯಿತು.

"ಯಾವಾಗ ಹೋದದ್ದು?"

"ನಿನ್ನೆ ಸಂಕ್ರಮಣ ಅಲ್ವಾ ಸಾರ್. ಯಾರೂ ಮಾಂಸ ತಿನ್ನುವುದಿಲ್ಲ, ಹೋಟೆಲಿಗೆ ರಜೆ."

"ಬೇರೆ ಏನು ಹೋಗಿದೆ?"

"ಕಲ್ಲಿನ ಗುಂಡು. ಅದು ಹಿಂದೆ ಕೊಟ್ಟಿಗೆಯಲ್ಲಿ ಸೌದೆಯ ಅಡಿ ಬಿದ್ದಿತ್ತು."

ಹೂವಿನ ಕುಂಡವನ್ನು ಕಳ್ಳ ಒಡೆಯದೆ ಗೋಡೆಯ ಬದಿಗೆ ಇಟ್ಟು ಹೋಗಿದ್ದ. ಶಶಿರಾಜ್ ಅದನ್ನೇ ನೋಡುತ್ತ ನಿಂತರು. ಅಂದಕ್ಕೆ ಕಲ್ಲು ಬೇಕಾದವನು ಸೌದೆ ಸರಿಸಿ ಗುಂಡು ಹುಡುಕುವುದಿಲ್ಲ. ಕದ್ದವನಿಗೆ ಅರೆಯಲಿಕ್ಕಿತ್ತು.

"ಇದರಲ್ಲಿ ಅರೆಯುತ್ತಿದ್ದದ್ದು ಯಾರು?"

"ರಾಜೀವಿ ಅಕ್ಕ. ಗ್ರೈಂಡರ್ ತಂದ ಮೇಲೆ ಇನ್ನು ಬರುವುದು ಬೇಡ ಹೇಳಿದೆ. ಕಳೆದ ಚಳಿಗಾಲದಲ್ಲಿ ತೀರಿಹೋದರು."

"ಮನೆಯಲ್ಲಿ?"

"ಗಂಡ ಧರ್ಣಪ್ಪ ಒಬ್ಬರೇ. ಮೊನ್ನೆ ಬಂದು ಕಲ್ಲನ್ನು ಒಂದು ದಿನಕ್ಕೆ ಕೇಳಿದ್ದರು. ಗಿರಾಕಿಗಳು ಫೋಟೋ ತೆಗೀತಾರೆ, ಆಗುವುದಿಲ್ಲ ಹೇಳಿದೆ." ಅಂಕಿತ್ ತಡೆದ. "ಆದ್ರೆ ಆ ಪ್ರಾಯದವರು ಎತ್ತುವ ಕಲ್ಲಾ ಸಾರ್ ಅದು?"

ಪೆಟ್ರೋಲ್ ಪಂಪಿನ ಕ್ಯಾಮೆರಾದಲ್ಲಿ, ಸಂಕ್ರಮಣದ ಮಧ್ಯಾಹ್ನ ಕಲ್ಲು ಹೇರಿಕೊಂಡು ಹೋದ ಗೂಡ್ಸ್ ರಿಕ್ಷಾ ಕಂಡಿತು. ಅದರ ಚಾಲಕ ಭಾನುವಾರ ಸಿಕ್ಕಿದ. ಹೋಟೆಲಿನ ಧಣಿಗಳು ಕೊಟ್ಟದ್ದೆಂದು ಧರ್ಣಪ್ಪ ಹೇಳಿದರು, ಇಬ್ಬರೂ ಸೇರಿ ಹಲಗೆಯ ಮೇಲೆ ಉರುಳಿಸಿ ಹತ್ತಿಸಿದೆವು ಎಂದ.

ಅಂದು ಸಂಜೆಯೇ ಪೊಲೀಸರಿಬ್ಬರೂ ಧರ್ಣಪ್ಪನ ಮನೆಗೆ ಹೋದರು. ಮುದುಕ ಮುಚ್ಚಿದ ಬಾಗಿಲ ಮುಂದೆ, ತನ್ನದೇ ಜಗಲಿಯಲ್ಲಿ, ನೆಂಟನ ಹಾಗೆ ಕುಳಿತಿದ್ದ. ಖಾಕಿ ಕಂಡು ಏಳಲಿಲ್ಲ.

"ಬಾಗಿಲು ತೆಗೀರಿ," ಎಂದರು ಶಶಿರಾಜ್.

"ಸ್ವಲ್ಪ ನಿಲ್ಲಿ ಸಾರ್. ಅವಳು ಊಟಕ್ಕೆ ಕೂತಿದ್ದಾಳೆ."

ಗಣೇಶಪ್ರಸಾದ್ ತಗ್ಗಿದ ದನಿಯಲ್ಲಿ ಹೇಳಿದ, "ಸತ್ತವರಿಗೆ ಈ ಆಟಿ ತಿಂಗಳಲ್ಲಿ ಅಗೆಲು ಅಂತ ಊಟ ಬಡಿಸುವ ಕ್ರಮ ಉಂಟು ಸಾರ್. ಬಡಿಸಿ ಬಾಗಿಲು ಹಾಕಿದರೆ ಅವರು ಬಂದು ಉಣ್ತಾರೆ ಅಂತ."

ಶಶಿರಾಜ್ ಟೋಪಿ ತೆಗೆದು ಜಗಲಿಯಲ್ಲಿ ಕುಳಿತರು.

"ಕಲ್ಲು ಎಲ್ಲಿ?"

"ಹಿತ್ತಿಲಲ್ಲಿ ಉಂಟು."

"ಕದ್ದದ್ದು ಯಾಕೆ?"

"ಕೇಳಿದೆ, ಕೊಡಲಿಲ್ಲ." ಧರ್ಣಪ್ಪ ಅಂಗೈ ನೋಡಿಕೊಂಡ. ಬೊಬ್ಬೆ ಎದ್ದು ಒಡೆದಿತ್ತು. "ಕಡೆ ಕಡೆಗೆ ಅವಳಿಗೆ ಏನೂ ಸೇರುತ್ತಿರಲಿಲ್ಲ. ಒಂದು ದಿನ ಹೋಟೆಲಿನ ಕೋಳಿಗಸಿ ಬೇಕು ಅಂದಳು. ಓಡಿ ಹೋಗಿ ತಂದೆ. ಒಂದು ಬೆರಳು ನೆಕ್ಕಿ, ಇದು ಯಾರು ಅರೆದದ್ದು ಅಂತ ಕೇಳಿ ಬಟ್ಟಲು ದೂಡಿದಳು. ಮತ್ತೆ ಬಾಯಿ ತೆರೆಯಲಿಲ್ಲ. ಹಸಿದೇ ಹೋದಳು ಸಾರ್."

ಶಶಿರಾಜ್ ಪೆನ್ನು ತೆರೆದಿದ್ದರು, ಬರೆಯಲಾಗಲಿಲ್ಲ. ಅದನ್ನು ಮುಚ್ಚಿ ಜೇಬಿಗೆ ಸಿಕ್ಕಿಸಿದರು.

ಹೊತ್ತು ಕಂತಿದ ಮೇಲೆ ಧರ್ಣಪ್ಪ ಮೂರು ಸಲ ಬಾಗಿಲು ತಟ್ಟಿ ತೆರೆದ. ದೀಪದ ಮುಂದೆ ಬಾಳೆಲೆ, ರೊಟ್ಟಿ, ಗಸಿ. ಇಟ್ಟದ್ದು ಇಟ್ಟ ಹಾಗೇ ಇತ್ತು.

"ಅಗೆಲಿನ ಊಟ ಉಳಿಸಬಾರದು. ನೀವು ಉಣ್ಣುವುದಿಲ್ಲ ಅಂತ ಗೊತ್ತುಂಟು ಸಾರ್," ಎಂದು ಧರ್ಣಪ್ಪ ಗಣೇಶಪ್ರಸಾದನ ಕಡೆ ತಿರುಗಿದ. "ನೀವು ಅವಳ ಗಸಿ ಉಂಡವರು."

ಗಣೇಶಪ್ರಸಾದ್ ಸಾಹೇಬರನ್ನು ನೋಡಿದ. ಅವರು ತಲೆಯಾಡಿಸಿದರು. ತೆಂಗಿನಕಾಯಿ ತರಿತರಿ, ಮೆಣಸಿನ ಬೀಜ ಹಲ್ಲಿಗೆ ಸಿಗುತ್ತಿತ್ತು, ಉಪ್ಪು ಕಟುವಾಗಿತ್ತು. ಅವನು ಒಂದು ಚೂರೂ ಬಿಡದೆ ಉಂಡ.

"ಹೇಗುಂಟು?"

"ಅಕ್ಕ ಅರೆದ ಹಾಗೇ ಉಂಟು, ಧರ್ಣಪ್ಪಣ್ಣ."

"ಸುಳ್ಳು ಹೇಳ್ತೀರಿ ಮಾರಾಯ್ರೆ. ನನಗೆ ಅರೆದು ಗೊತ್ತಿಲ್ಲ." ಮುದುಕ ಎಲೆ ಮಡಚಿದ. "ಆದ್ರೆ ಕಲ್ಲು ಅದೇ ಅಲ್ವಾ. ಅವಳಿಗೆ ಗುರ್ತ ಸಿಕ್ಕಿರಬೇಕು."

ಧರ್ಣಪ್ಪನನ್ನು ದಸ್ತಗಿರಿ ಮಾಡಿ, ಕಲ್ಲನ್ನೂ ಗುಂಡನ್ನೂ ಜಪ್ತಿ ಮಾಡಲಾಯಿತು. ಕಲ್ಲಿಗೆ ಹೊಡೆದಿದ್ದ ವಾರ್ನಿಶನ್ನು ಯಾರೋ ತಾಳ್ಮೆಯಿಂದ ಕೆರೆದು ತೆಗೆದಿದ್ದರು. ಅಪರಾಧದ ಉದ್ದೇಶವೆಂಬಲ್ಲಿ ಶಶಿರಾಜ್ 'ಹೆಂಡತಿಗೆ ಬಡಿಸಲು' ಎಂದಷ್ಟೇ ಬರೆದರು.