ಸೋದರಮಾವನ ಮಣೆ

"ರೀ, ಈ ಅಂಟಿನುಂಡೆಗೆ ಸಕ್ಕರೆ ಹಾಕೋದು ಮರ್ತಿದೀರ."

ದೀಪ್ತಿ ಮೊದಲ ಸಲ ಗೌರೀಶನ ಅಂಗಡಿಗೆ ಬಂದದ್ದೇ ಜಗಳಕ್ಕೆ. ಬಾಣಂತಿ ಬೀದಿ ಸುತ್ತಬಾರದೆಂದು ಅಮ್ಮ ಭಾಗೀರಥಮ್ಮ ಗೊಣಗುತ್ತಿದ್ದರೂ, ಕಿವಿ ಮುಚ್ಚುವಂತೆ ಸ್ಕಾರ್ಫ್ ಬಿಗಿದು, ಮನೆಗೆ ತರಿಸಿದ್ದ ಉಂಡೆಯ ಡಬ್ಬಿ ಹಿಡಿದು, ತ್ಯಾಗರಾಜನಗರದಿಂದ ಆಟೋ ಹತ್ತಿ ಗಾಂಧಿ ಬಜಾರಿನ ಪಕ್ಕದ ರಸ್ತೆಗೆ ಬಂದಿದ್ದಳು.

ಬಾಣಲೆಯಲ್ಲಿ ಮೊಳಕೆ ರಾಗಿ ಹುರಿಯುತ್ತಿದ್ದ ಗೌರೀಶ್ ಕಣ್ಣೆತ್ತಿದ. "ಮರ್ತಿಲ್ಲ ಮೇಡಂ. ಇಲ್ಲಿ ಸಕ್ಕರೆ ಡಬ್ಬಾನೇ ಇಲ್ಲ. ಸಿಹಿಗೆ ಖರ್ಜೂರ ಮಾತ್ರ."

"ಅದನ್ನ ಬೋರ್ಡ್ ಮೇಲೆ ಬರೀಬಾರ್ದಾ?"

"ಬರ್ದಿದೀನಿ. ನೀವು ಬೋರ್ಡ್ ನೋಡ್ಲಿಲ್ಲ. ನನ್ನನ್ನೇ ಗುರಾಯಿಸ್ಕೊಂಡು ಬಂದ್ರಿ."

ದೀಪ್ತಿ ಹಿಂದೆ ಸರಿದು ಮೇಲೆ ನೋಡಿದಳು. ಕುರುಡರಿಗೂ ಕಾಣುವಷ್ಟು ದಪ್ಪ ಅಕ್ಷರದಲ್ಲಿ ಬರೆದಿತ್ತು. ನಗು ಬಂತು, ತಡೆದುಕೊಂಡಳು. ತಡೆದುಕೊಂಡದ್ದು ಅವನಿಗೂ ಕಾಣಿಸಿತು.

"ಇನ್ನೊಂದೆರಡು ದಿನ ತಿನ್ನಿ, ನಾಲಿಗೆ ಹೊಂದ್ಕೊಳ್ಳುತ್ತೆ. ಆಗ್ಲಿಲ್ಲ ಅಂದ್ರೆ ವಾಪಸ್ ತಗೋತೀನಿ," ಎಂದ.

ವಾರದೊಳಗೆ ಬಂದು ಡಬ್ಬಿಯನ್ನು ಕೌಂಟರ್ ಮೇಲೆ ಇಟ್ಟಳು. "ಆಗ್ಲಿಲ್ಲ. ವಾಪಸ್ ತಗೊಳ್ಳಿ."

ಗೌರೀಶ್ ಮುಚ್ಚಳ ತೆಗೆದ. ಡಬ್ಬಿ ಖಾಲಿ. ಒಮ್ಮೆ ಡಬ್ಬಿಯನ್ನೂ ಒಮ್ಮೆ ಅವಳನ್ನೂ ನೋಡಿದ. ಅವಳು ಗಂಭೀರವಾಗಿರಲು ತುಂಬ ಪ್ರಯತ್ನ ಪಟ್ಟಳು, ಆಗಲಿಲ್ಲ. ಮದುವೆ ಮುರಿದು ತವರಿಗೆ ಬಂದ ಮೇಲೆ ಅವಳು ಹಾಗೆ ಬಾಯಿತುಂಬ ನಕ್ಕಿದ್ದು ಅದೇ ಮೊದಲು.

ಆಮೇಲೆ ನೆಪಗಳಿಗೆ ಬರವಿರಲಿಲ್ಲ. ಗೌರೀಶ್ ಫುಡ್ ಟೆಕ್ನಾಲಜಿ ಓದಿದವನು. ಅಪ್ಪ ದೊಡ್ಡಬೈರಪ್ಪನವರ ಸೈಟು ವ್ಯವಹಾರ ಬಿಟ್ಟು ಮಕ್ಕಳ ಊಟದ ಹಿಂದೆ ಬಿದ್ದಿದ್ದ. ರಾಗಿಯನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ನೆರಳಲ್ಲಿ ಒಣಗಿಸಿ, ಹುರಿದು, ಬೀಸಿ, ತೆಳು ಪಂಚೆಯಲ್ಲಿ ಸೋಸಿ ಎಳೆಗೂಸುಗಳಿಗೆ ರಾಗಿ ಸರಿ ಹಿಟ್ಟು ಮಾಡುತ್ತಿದ್ದ. ದೀಪ್ತಿ ಮಗಳು ಮಧುರಾಳನ್ನು ಎದೆಗೆ ಕಟ್ಟಿಕೊಂಡು ಬಂದು ಅಲ್ಲೇ ಸ್ಟೂಲ್ ಮೇಲೆ ಕೂರುತ್ತಿದ್ದಳು.

"ಇವಳಿಗೆ ಮಾಡೋವಾಗ ಎರಡು ಸಲ ಸೋಸ್ತೀನಿ," ಎಂದ ಒಂದು ದಿನ. "ಮೊದಲ ತುತ್ತು ನನ್ನೆದುರಿಗೇ ತಿನ್ನಿಸ್ಬೇಕು."

"ನೀವೇ ತಿನ್ನಿಸಿ," ಅಂದುಬಿಟ್ಟಳು ದೀಪ್ತಿ.

ಅವನ ಕೈ ಹಿಟ್ಟು ಸೋಸುವ ಪಂಚೆಯ ಮೇಲೆ ನಿಂತಿತು. ಅವಳು ಕೂಡಲೇ ಮಗುವಿನ ಟೋಪಿ ಸರಿಮಾಡತೊಡಗಿದಳು. ಸರಿಯಾಗಿಯೇ ಇದ್ದ ಟೋಪಿಯನ್ನು ಎಷ್ಟು ಹೊತ್ತು ಸರಿಮಾಡಬಹುದು? ಕೊನೆಗೆ ತಲೆ ಎತ್ತಲೇಬೇಕಾಯಿತು. ಅವನು ಇನ್ನೂ ಅವಳನ್ನೇ ನೋಡುತ್ತಿದ್ದ, ಮೂಗಿನ ಮೇಲೆ ರಾಗಿ ಹಿಟ್ಟು ಮೆತ್ತಿಕೊಂಡು.

ಮಧುರಾಳಿಗೆ ಏಳನೇ ತಿಂಗಳು ಬಂತು. ಹೆಣ್ಣು ಮಗು, ಬೆಸ ತಿಂಗಳಲ್ಲೇ ಅನ್ನಪ್ರಾಶನ ಆಗಬೇಕು ಎಂದು ಕಾದಿದ್ದ ಭಾಗೀರಥಮ್ಮ ಮಗಳನ್ನು ಜೊತೆಗೆ ಕರೆದುಕೊಂಡು ತಾವೇ ಅಂಗಡಿಗೆ ಬಂದರು.

"ನೋಡಿಪ್ಪಾ, ದೀಪ್ತಿಗೆ ಒಡಹುಟ್ಟಿದೋರು ಯಾರೂ ಇಲ್ಲ. ಮಗು ಸೋದರಮಾವನ ತೊಡೆ ಮೇಲೆ ಕೂತೇ ಮೊದಲ ತುತ್ತು ತಿನ್ಬೇಕು, ನಮ್ಮ ಪದ್ಧತಿ. ನಿಮ್ಮನ್ನ ಮನೆಮಗ ಅಂತಾನೇ ಅಂದ್ಕೊಂಡಿದೀನಿ. ಆ ಮಣೆ ಮೇಲೆ ನೀವೇ ಕೂತ್ಕೋಬೇಕು."

ಅಮ್ಮ ಏನೂ ತಿಳಿಯದವರಲ್ಲ. ಅಷ್ಟು ತಿಂಗಳು ಮಗಳು ಅಂಗಡಿಗೆ ಓಡುತ್ತಿದ್ದುದನ್ನು ನೋಡಿದ್ದರು. ಆ ಒಲವಿಗೆ ಬಾಗಿಲು ಹಾಕಲು ಅವರಿಗೆ ಇದಕ್ಕಿಂತ ಮೆತ್ತಗಿನ ದಾರಿ ಸಿಗುತ್ತಿರಲಿಲ್ಲ. ಮಗುವಿಗೆ ಸೋದರಮಾವ ಎಂದರೆ ತಾಯಿಗೆ ಅಣ್ಣ. ನೆಂಟರಿಷ್ಟರ ಎದುರು ಆ ಮಣೆಯ ಮೇಲೆ ಕೂತವನು ದೀಪ್ತಿಗೆ ಬೇರೇನೂ ಆಗುವಂತಿಲ್ಲ.

ಗೌರೀಶ್ ದೀಪ್ತಿಯ ಕಡೆ ನೋಡಿದ.

ಬೇಡ ಅನ್ನಿ, ಅಂದಳು ಅವಳು ಮನಸ್ಸಿನಲ್ಲೇ. ನೀವು ಬೇಡ ಅಂದರೆ ಅಮ್ಮ ಯಾಕೆ ಅಂತ ಕೇಳುತ್ತಾರೆ, ಆಗ ಎಲ್ಲವೂ ಹೊರಗೆ ಬರುತ್ತದೆ. ತಾನೇ ಹೇಳಬಹುದಿತ್ತು. ಆದರೆ ಒಮ್ಮೆ ಹಟ ಹಿಡಿದು ತಾನೇ ಆರಿಸಿಕೊಂಡ ಮದುವೆ ಮುರಿದು ಬಿದ್ದಿತ್ತು. ಅಮ್ಮನ ಮುಂದೆ ಇನ್ನೊಬ್ಬನ ಹೆಸರು ಎತ್ತುವ ಧೈರ್ಯ ಬರಲಿಲ್ಲ. ತಲೆ ತಗ್ಗಿಸಿ ಖರ್ಜೂರದ ಡಬ್ಬಿಯನ್ನೇ ನೋಡುತ್ತ ನಿಂತಳು.

"ಆಗ್ಲಿ, ಅಮ್ಮಾ," ಎಂದ ಗೌರೀಶ್.

ಅನ್ನಪ್ರಾಶನದ ದಿನ ಅವನು ಬಿಳಿ ಪಂಚೆ ಉಟ್ಟು ಬಂದ. ಮೆತ್ತಗೆ ಬೇಯಿಸಿದ ಅನ್ನಕ್ಕೆ ಏಲಕ್ಕಿ ಬಾಳೆಹಣ್ಣು ಕಿವುಚಿ, ತುಪ್ಪ ಹಾಕಿ, ಸಕ್ಕರೆಯಿಲ್ಲದ ಪಾಯಸ ತಾನೇ ಮಾಡಿ ತಂದಿದ್ದ. ಭಾಗೀರಥಮ್ಮ ಜೇನುತುಪ್ಪದ ಬಾಟಲಿ ತಂದಾಗ ಅವನು ಕೈ ಅಡ್ಡ ಹಿಡಿದ.

"ಜೇನು ಮಾತ್ರ ಬೇಡಮ್ಮ. ಎಳೆ ಮಕ್ಕಳಿಗೆ ಆಗಲ್ಲ. ವರ್ಷ ತುಂಬ್ಲಿ."

ಮಣೆಯ ಮೇಲೆ ಕೂತು ಮಧುರಾಳನ್ನು ತೊಡೆಗೇರಿಸಿಕೊಂಡ. ಮೊದಲ ತುತ್ತಿಗೆ ಮಗು ಮುಖ ಕಿವುಚಿತು, ಚಪ್ಪರಿಸಿತು, ಆಮೇಲೆ ಅವನ ಬೆರಳನ್ನೇ ಎಳೆದುಕೊಂಡು ಬಾಯಿ ತೆರೆಯಿತು. ಎಲ್ಲರೂ ನಕ್ಕರು. ಗೌರೀಶ್ ಕೂಡ ನಕ್ಕ, ಕಣ್ಣು ಒರೆಸಿಕೊಳ್ಳುತ್ತ.

ಭಾಗೀರಥಮ್ಮ ಅರಿಶಿನ ಕುಂಕುಮ, ರವಿಕೆ ಕಣ ಇಟ್ಟ ತಟ್ಟೆಯನ್ನು ಅವನ ಕೈಗೆ ಕೊಟ್ಟರು. "ತಂಗಿಗೆ ಕೊಡಪ್ಪಾ." ಬೆಳಿಗ್ಗೆಯವರೆಗೂ ಅವರಿಗೆ ‘ನೀವು’ ಆಗಿದ್ದವನು ಈಗ ‘ನೀನು’ ಆಗಿದ್ದ. "ದೀಪ್ತಿ, ಅಣ್ಣಂಗೆ ನಮಸ್ಕಾರ ಮಾಡು."

ದೀಪ್ತಿ ಸೆರಗೊಡ್ಡಿ ತೆಗೆದುಕೊಂಡಳು. ಬಗ್ಗಿದಳು. ಅವನು ಕಾಲನ್ನು ಹಿಂದಕ್ಕೆ ಎಳೆದುಕೊಂಡ. ಹಿಂದೆ ಗೋಡೆ ಇತ್ತು.

ಗೇಟಿನವರೆಗೆ ಅವಳೇ ಕಳಿಸಲು ಬಂದಳು.

"ಯಾಕೆ ಒಪ್ಕೊಂಡ್ರಿ?"

"ನೀವು ತಡೀತೀರಿ ಅಂತ ಕಾದೆ. ನೀವು ತಲೇನೇ ಎತ್ಲಿಲ್ಲ."

"ನೀವು ಬೇಡ ಅಂತೀರಿ ಅಂತ ನಾನು ಕಾಯ್ತಿದ್ದೆ, ಗೌರೀಶ್."

ಅವನು ಗೇಟಿನ ಚಿಲಕವನ್ನು ಸುಮ್ಮನೆ ತೆಗೆದು ಹಾಕುತ್ತಿದ್ದ. "ಮೊದಲ ತುತ್ತು ಬೇರೆ ಯಾರ ಕೈಯಿಂದಾನೋ ತಿಂತಾಳೆ ಅಂದ್ರೆ ತಡ್ಕೊಳ್ಳೋಕೆ ಆಗ್ಲಿಲ್ಲ. ನೀವೇ ತಿನ್ನಿಸಿ ಅಂದಿದ್ರಲ್ಲ."

"ಹೀಗೆ ತಿನ್ನಿಸಿ ಅಂತ ಅಂದಿರ್ಲಿಲ್ಲ."

"ಗೊತ್ತು." ಅವನು ಚಿಲಕದಿಂದ ಕೈ ತೆಗೆದ. "ನಿಮ್ಮನ್ನ ತುಂಬಾ ಇಷ್ಟಪಟ್ಟಿದ್ದೆ, ದೀಪ್ತಿ."

"ಪಟ್ಟಿದ್ದೆ?"

"ಇನ್ನೇನ್ ಅನ್ಲಿ? ಈಗ ತಾನೇ ಕಾಲಿಗೆ ಬಿದ್ರಿ."

ಇಬ್ಬರಿಗೂ ನಗು ಬಂತು, ಅಷ್ಟೇ ಬೇಗ ಹೋಯಿತು.

"ಬರೀ ಶಾಸ್ತ್ರ ತಾನೇ ಅಂತ ಬಿಟ್ಬಿಟ್ರೆ?" ಎಂದ ಮೆಲ್ಲಗೆ.

ಒಳಗಿನಿಂದ ಭಾಗೀರಥಮ್ಮನ ದನಿ ಕೇಳಿಸುತ್ತಿತ್ತು. ಈ ವಯಸ್ಸಿನಲ್ಲಿ ದೇವರು ಒಬ್ಬ ಮಗನನ್ನು ಕೊಟ್ಟ ಎಂದು ಪಕ್ಕದ ಮನೆಯವರಿಗೆ ಹೇಳುತ್ತಿದ್ದರು. ಬಾಗಿಲು ಹಾಕಲೆಂದೇ ಕರೆದಿದ್ದರೂ ಆ ದನಿಯ ಸಂತೋಷ ನಿಜವಾಗಿತ್ತು. ದೀಪ್ತಿಗೆ ಅದನ್ನು ಕಿತ್ತುಕೊಳ್ಳಲಾಗಲಿಲ್ಲ.

"ನಂಗೂ ತುಂಬಾ ಇಷ್ಟ," ಎಂದಳು. "ಇವತ್ತು ಹೇಳಿ ಏನ್ ಪ್ರಯೋಜನ?"

ಅವನು ಚಿಲಕ ಹಾಕಿ ಹೊರಟ.

ರಾಗಿ ಸರಿ ಹಿಟ್ಟು ಮಾತ್ರ ತಪ್ಪದೆ ಬರುತ್ತಿತ್ತು, ಎರಡು ಸಲ ಸೋಸಿದ್ದು. ಮಧುರಾಳ ಮೊದಲ ಹುಟ್ಟುಹಬ್ಬಕ್ಕೆ ಗೌರೀಶ್ ಪುಟ್ಟ ಜೇನಿನ ಬಾಟಲಿ ಹಿಡಿದು ಬಂದ. ಮಗು ಅವನನ್ನು ಕಂಡದ್ದೇ ಎರಡೂ ಕೈ ಚಾಚಿತು.

"ಮಾಮ!"

ಗೌರೀಶ್ ಬಾಗಿಲಲ್ಲೇ ನಿಂತುಬಿಟ್ಟ. "ಯಾರು ಕಲಿಸಿದ್ದು?"

"ನಾನೇ," ಎಂದಳು ದೀಪ್ತಿ. "ಬೇರೆ ಏನಂತ ಕಲಿಸ್ಲಿ, ಹೇಳಿ?"

ಅವನು ಒಳಗೆ ಬಂದು ಮಗುವನ್ನು ಎತ್ತಿಕೊಂಡು, ಬೆರಳ ತುದಿಗೆ ಒಂದು ಹನಿ ಜೇನು ತೆಗೆದು ಮಧುರಾಳ ತುಟಿಗೆ ಸವರಿದ.