ಎಡಗಿವಿಯ ಬಂಗಾರ

"ಅಲ್ಲಾಡ್ಬೇಡಿ! ಸೂಜಿ ಎಲ್ಲೋ ಹೋಗುತ್ತೆ!"

"ನಾನೆಲ್ಲಿ ಅಲ್ಲಾಡ್ತಾ ಇದೀನಿ? ನಿಮ್ ಕೈಯೇ ನಡುಗ್ತಾ ಐತೆ!"

ವೇಣು ಸೂಜಿ ಕೆಳಗಿಟ್ಟ. ಆಂಡರ್ಸನ್‌ಪೇಟೆಯ ಆ ಪುಟ್ಟ ಚಿನ್ನದ ಅಂಗಡಿಯಲ್ಲಿ ಅವನ ತಾತನ ಕಾಲದಿಂದ ಕಿವಿ ಚುಚ್ಚುತ್ತಿದ್ದರು. ಕೈ ನಡುಗುತ್ತದೆ ಎಂದು ಇಪ್ಪತ್ತೆರಡರ ವೇಣುವಿಗೆ ಯಾರೂ ಹೇಳಿದ್ದಿಲ್ಲ. ನಿಜ ಹೇಳಬೇಕೆಂದರೆ, ಅದು ಈವರೆಗೆ ನಡುಗಿಯೂ ಇರಲಿಲ್ಲ!

ಎದುರಿಗೆ ಕೂತಿದ್ದವಳು ಬೂದಿಕೋಟೆಯ ಸುಕನ್ಯ. ಹತ್ತೊಂಬತ್ತು ವರ್ಷ, ಬಂಗಾರಪೇಟೆಯಲ್ಲಿ ಎರಡನೇ ವರ್ಷದ ಬಿ.ಕಾಂ. ಮಧ್ಯಾಹ್ನದ ಕ್ಲಾಸಿಗೆ ಚಕ್ಕರ್ ಹೊಡೆದು ಗೆಳತಿ ನವ್ಯಳ ಜೊತೆ ಬಸ್ ಹತ್ತಿ ಬಂದಿದ್ದಳು. ಓದುವ ಕೋರ್ಸು, ಹೋಗುವ ಬಸ್ಸು, ಹಾಕುವ ಚೂಡಿದಾರದ ಬಣ್ಣ, ಎಲ್ಲವನ್ನೂ ಮನೆಯವರೇ ಹೇಳುತ್ತಿದ್ದರು. ಎಡಗಿವಿಯ ಮೇಲ್ಭಾಗದ ಈ ಒಂದು ತೂತು ಮಾತ್ರ ಅವಳೇ ಬಯಸಿದ್ದು.

"ತಲೆ ಹಿಡ್ಕೊಳ್ಳೋಕೆ ಯಾರಾದ್ರೂ ಬೇಕು. ನಿಮ್ ಸೋದರಮಾವ ಬಂದಿಲ್ವಾ?"

"ಮಾವನ ತೊಡೆ ಮೇಲೆ ಕೂರೋಕೆ ನಾನೇನು ಮಗೂನಾ?"

ನವ್ಯ ಹಿಡಿಯಬೇಕಿತ್ತು. ಆದರೆ ಸೂಜಿ ಕಂಡ ಕೂಡಲೇ ಅವಳು "ಜ್ಯೂಸ್ ತತ್ತೀನಿ" ಎಂದು ಪರಾರಿಯಾಗಿದ್ದಳು.

ಬೇರೆ ದಾರಿಯಿಲ್ಲದೆ ವೇಣುವೇ ಎಡಗೈಯನ್ನು ಅವಳ ತಲೆಗೆ ಆನಿಸಿದ. ಆ ಅಂಗೈಯ ಬಿಸಿಗೆ ಸುಕನ್ಯ ಉಸಿರು ಹಿಡಿದು ಕಲ್ಲಾಗಿ ಕೂತಳು.

"ಉಸಿರು ಬಿಡಿ..."

ಬಿಟ್ಟಳು. ಚುರುಕ್ ಎಂದಿತು!

"ಮುಗೀತು ಮಾ. ವಲಿಕ್ಕುದಾ...? ನೋವಾಗ್ತಾ ಇದ್ಯಾ?"

ಕಣ್ಣಲ್ಲಿ ನೀರು ತುಂಬಿದ್ದರೂ ಅವಳು ಇಲ್ಲವೆಂದು ತಲೆಯಾಡಿಸಿದಳು. ಅವನು ಡಬ್ಬಿಯಿಂದ ಕಡ್ಡಿಯಷ್ಟು ತೆಳ್ಳಗಿನ ಬಂಗಾರದ ರಿಂಗು ತೆಗೆದು, ಸುಟ್ಟು, ಆರಿಸಿ ಹಾಕಿದ.

"ನಾನು ಆರಿಸಿದ್ದು ಬಿಳಿ ಕಲ್ಲಿನದು!"

"ಅದು ಆಮೇಲೆ. ಮೇಲಿನ ಕಿವಿ ಬೇಗ ಮಾಗಲ್ಲ, ಬೇರೆ ಲೋಹ ಆದ್ರೆ ಕೀವಾಗುತ್ತೆ. ಗಾಳಿ ಎದ್ರೆ ಗಣಿ ಮಣ್ಣಿನ ದಿಬ್ಬದ ಧೂಳು ಬರುತ್ತೆ, ದುಪಟ್ಟಾ ಸುತ್ಕೊಂಡು ಹೋಗಿ. ಭಾನುವಾರ ಬಂದು ತೋರಿಸಿ."

ಆ ಅಂಗಡಿಯ ಪದ್ಧತಿಯೇ ಹಾಗೆ. ಗಾಯ ಮಾಗುವವರೆಗೆ ಬಂಗಾರದ ರಿಂಗು ಅಂಗಡಿಯದು, ಮಾಗಿದ ಮೇಲೆ ವಾಪಸ್ ಕೊಡಬೇಕು. ಎಲ್ಲರಿಗೂ ತಪ್ಪದೆ ಹೇಳುವ ಈ ಮಾತನ್ನು ವೇಣು ಆ ದಿನ ಮರೆತ. ಮರೆಯದೆ ಇನ್ನೇನು ಮಾಡಿಯಾನು, ಪಾಪ!

ಮನೆಯಲ್ಲಿ ಮಹಾಭಾರತವೇ ನಡೆಯಿತು. ಅಮ್ಮ ಬೈದಳು, ಅಪ್ಪ ಊಟ ಬಿಟ್ಟು ಎದ್ದ. ಅಜ್ಜಿ ಚಿಕ್ಕವೆಂಕಟಮ್ಮ ಮಾತ್ರ ಮೊಮ್ಮಗಳ ಗಲ್ಲ ಹಿಡಿದು ತಿರುಗಿಸಿ ನೋಡಿದಳು. ಅವಳ ಕಿವಿಯ ಮೇಲೂ ಬುಗುಡಿ ಹಾಕುತ್ತಿದ್ದ ಹಳೆಯ ತೂತುಗಳಿದ್ದವು.

"ತೂತು ಓಗ್ಲಿ, ಚೆಂದಾಗೈತೆ. ಈ ಬಂಗಾರ ಯಾರ್ದ್ಲೇ?"

"ಚುಚ್ಚಿದೋರೇ ಹಾಕಿದ್ರು."

"ಸುಮ್ಕೆ? ನಮ್ಮಲ್ಲಿ ಕಿವಿಗೆ ಮೊದ್ಲು ಬೀಳೋ ಬಂಗಾರ ಸೋದರಮಾವಂದು. ಬ್ಯಾರೇ ಗಂಡಸು ಹಾಕ್ದ ಅಂದ್ರೆ..." ಅಜ್ಜಿ ಬೊಚ್ಚು ಬಾಯಲ್ಲಿ ನಕ್ಕು ಎದ್ದು ಹೋದಳು.

ಅಂದ್ರೆ ಏನು? ಅಂದ್ರೆ...?

ಎಡಕ್ಕೆ ಮಲಗುವಂತಿಲ್ಲ, ಬಲಕ್ಕೆ ಮಲಗಿದರೆ ನಿದ್ದೆಯಿಲ್ಲ. ಕಿವಿ ಧಿಮ್ ಧಿಮ್ ಎಂದು ಮಿಡಿಯುತ್ತಿತ್ತು. ಪುಸ್ತಕ ತೆರೆದರೂ ಅದೇ, ಹಾಲು ಕರೆಯಲು ಕೂತರೂ ಅದೇ. ಅವನು ನನಗೆ ಯಾಕೆ ಬಂಗಾರ ಹಾಕಿದ? ಭಾನುವಾರ ಇನ್ನೂ ನಾಲ್ಕು ದಿನ ಇದೆಯಲ್ಲ... ಥೂ, ಏನಾಗಿದೆ ನನಗೆ!

ಮೊದಲ ಭಾನುವಾರ ಬಾತಿದ್ದ ಕಿವಿ ನೋಡಿ ವೇಣುವಿನ ಮುಖ ಸಣ್ಣಗಾಯಿತು.

"ಈ ರಿಂಗು ನಿಮಗೆ ಒಗ್ತಾ ಇಲ್ಲ. ಒಂದ್ನಿಮಿಷ ಇರಿ..."

ಪರದೆಯ ಹಿಂದೆ ಹೋದವನು ಐದು ನಿಮಿಷದ ಮೇಲೆ ಬಂದು, ಮೆಲ್ಲನೆ ರಿಂಗು ಬದಲಾಯಿಸಿದ. ಅದೂ ಮೊದಲಿನಂಥದೇ ತೆಳ್ಳಗಿನ ರಿಂಗು. ತಲೆ ಆಚೆ ತಿರುಗಿಸಿ ಕೂತಿದ್ದ ಸುಕನ್ಯಳಿಗೆ ಏನೂ ಕಾಣಲಿಲ್ಲ. ಎರಡೇ ದಿನದಲ್ಲಿ ಬಾವು ಇಳಿಯಿತು.

ಮುಂದಿನ ವಾರ ಅವಳಿಗೆ ಒಂದು ತಮಾಷೆ ಕಂಡಿತು.

"ಏನ್ರೀ, ಚಿನ್ನದ ಅಂಗಡೀಲಿ ಕೂತ್ಕೊಂಡು ಕಿವಿಗೆ ಪೊರಕೆ ಕಡ್ಡಿ?"

ವೇಣು ತಟ್ಟನೆ ಕಿವಿ ಮುಚ್ಚಿಕೊಂಡ. "ತೂತು ಮುಚ್ಚೋಗದೆ ಇರ್ಲಿ ಅಂತ..."

ಅವಳು ಕಿಸಕ್ಕನೆ ನಕ್ಕಳು. ಅವನೂ ನಕ್ಕ. ಆ ನಗುವಿಗೇ ಸುಕನ್ಯ ಪೂರ್ತಿ ಸೋತುಹೋದಳು! ಕಿವಿ ತೋರಿಸಲು ಎರಡು ನಿಮಿಷ ಸಾಕಾಗಿತ್ತು, ಅವಳು ಮಾತ್ರ ಎರಡು ಬಸ್ಸು ಬಿಟ್ಟು ಮೂರನೆಯದಕ್ಕೆ ಹೋಗುತ್ತಿದ್ದಳು.

ಹೀಗೆ ಏಳು ಭಾನುವಾರ ಕಳೆದವು.

ಬಂಗಾರಪೇಟೆ ಬಸ್ ನಿಲ್ದಾಣದಲ್ಲಿ ಒಂದು ಸಂಜೆ, ಪಕ್ಕದಲ್ಲಿ ನಿಂತ ಹುಡುಗಿಯ ಮೇಲ್ಗಿವಿಯಲ್ಲೂ ಅಂಥದೇ ರಿಂಗು ಮಿನುಗಿತು. ಸುಕನ್ಯ ಹತ್ತಿರ ಸರಿದಳು.

"ಎಲ್ಲಿ ತಗೊಂಡ್ರಿ ಇದು?"

"ತಗೊಂಡಿದ್ದಲ್ಲ! ಆಂಡರ್ಸನ್‌ಪೇಟೆ ವೇಣು ಅಣ್ಣ ಹಾಕಿದ್ದು. ನಿಮಗೂ ಅವ್ರೇನಾ? ಮಾಗಿದ ಮೇಲೆ ವಾಪಸ್ ಕೊಡ್ಬೇಕು. ಎಲ್ರಿಗೂ ಹಂಗೇ."

ಎಲ್ಲರಿಗೂ... ಎಲ್ಲರಿಗೂ!

ನಾನೆಂಥ ಪೆದ್ದಿ! ಅವನ ಅಂಗಡಿಯ ಒಂದು ಗಿರಾಕಿಯಾಗಿ ಹೋಗಿ, ಏನೇನೆಲ್ಲ ಕಟ್ಟಿಕೊಂಡೆ! ಅವಮಾನಕ್ಕೆ ಮೈಯೆಲ್ಲ ಉರಿಯಿತು. ಮಾರನೆಯ ದಿನ ಕಾಲೇಜಿನ ನಲ್ಲಿಯ ಹತ್ತಿರ ನಿಂತು ರಿಂಗು ಕಿತ್ತಳು. ಇನ್ನೂ ಮಾಗದ ಕಿವಿಯಿಂದ ರಕ್ತ ಜಿನುಗಿತು. ಅದನ್ನು ಕಾಗದದಲ್ಲಿ ಸುತ್ತಿ, 'ವಾಪಸ್ ಕೊಡಬೇಕು ಅಂತ ಮೊದಲೇ ಹೇಳಬೇಕಿತ್ತು' ಎಂದು ಬರೆದು ನವ್ಯಳ ಕೈಗೆ ಕೊಟ್ಟಳು.

"ಅವನು ಏನಾದ್ರೂ ಕೇಳಿದ್ರೆ?" ಎಂದಳು ನವ್ಯ.

"ಏನೂ ಹೇಳ್ಬೇಡ!"

ಹೇಳಬೇಡ ಎಂದವಳೇ ಮರುದಿನ ಹತ್ತು ಸಲ ಕೇಳಿದಳು: "ಏನಂದ?"

"ಏನೂ ಅನ್ನಲಿಲ್ಲ ಕಣೇ. ರಿಂಗು ನೋಡ್ತಾ ಕೂತ್ಬಿಟ್ಟ."

ಮೂರು ದಿನ ಅವಳು ಕೂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ. ಅಜ್ಜಿ ಬೇವಿನ ಕಡ್ಡಿ ಸಣ್ಣಗೆ ಹೆರೆದು ತಂದಳು.

"ಇದನ್ನಾದ್ರೂ ಸಿಗಿಸ್ಕೋ. ಮುಚ್ಚೋದ್ರೆ ಮತ್ತೆ ಚುಚ್ಚಿಸ್ಬೇಕು."

"ಮುಚ್ಚೋಗ್ಲಿ ಬಿಡಜ್ಜಿ!"

ಬಾಯಲ್ಲಿ ಹಾಗೆಂದರೂ ಗಳಿಗೆಗೊಮ್ಮೆ ಬೆರಳು ತೂತನ್ನೇ ತಡವುತ್ತಿತ್ತು. ಅಯ್ಯೋ, ಮುಚ್ಚಿಯೇ ಹೋಯಿತೇ?

ನಾಲ್ಕನೆಯ ದಿನ, ಅಪ್ಪ ಅಮ್ಮ ಡೈರಿಗೆ ಹಾಲು ಹಾಕಲು ಹೋಗಿದ್ದ ಹೊತ್ತಿಗೆ ಬಾಗಿಲ ಮುಂದೆ ಬೈಕ್ ನಿಂತಿತು. ನವ್ಯಳ ಹತ್ತಿರ ದಾರಿ ಕೇಳಿಕೊಂಡು ಬಂದ, ಕೈಯಲ್ಲಿ ಸೂಜಿಯ ಡಬ್ಬಿ ಹಿಡಿದ ವೇಣು!

ಅಜ್ಜಿ ಡಬ್ಬಿ ನೋಡಿದಳು. "ಕಿವಿ ಚುಚ್ಚೋನೇನ್ಲಾ? ಕೂತ್ಕೋ ಬಾ."

ಸುಕನ್ಯ ಕಂಬದ ಹಿಂದಿನಿಂದಲೇ ಸಿಡುಕಿದಳು. "ರಿಂಗು ವಾಪಸ್ ಕೊಟ್ಟಾಯ್ತಲ್ಲ? ಮತ್ತೇನ್ ಬಾಕಿ?"

"ಅದು ಅಂಗಡೀದಲ್ಲ ಸುಕನ್ಯ..."

"ಸುಳ್ಳು! ಬಸ್‌ಸ್ಟ್ಯಾಂಡಲ್ಲಿ ಇನ್ನೊಬ್ಳ ಕಿವೀಲೂ ನೋಡ್ದೆ!"

"ಮೊದ್ಲು ಹಾಕಿದ್ದು ಅಂಗಡೀದೇ. ನಾನು ಹೇಳೋಕೆ ಮರ್ತೆ, ನಂದೇ ತಪ್ಪು. ಆದ್ರೆ ಬಾತಿತ್ತಲ್ಲ, ಆವತ್ತು ಬದಲಾಯಿಸಿದ್ದು..." ವೇಣುವಿನ ಕೈ ತನ್ನ ಕಿವಿಗೆ ಹೋಯಿತು.

ಅಜ್ಜಿ ಎದ್ದು ಬಂದು ಅವನ ಗಲ್ಲ ಹಿಡಿದು ತಿರುಗಿಸಿದಳು, ಥೇಟ್ ಮೊಮ್ಮಗಳದನ್ನು ತಿರುಗಿಸಿದ ಹಾಗೆ. ಅವನ ಕಿವಿಯಲ್ಲಿ ಪೊರಕೆ ಕಡ್ಡಿಯ ಚೂರು.

"ಈ ಕಿವಿ ಬಂಗಾರ ಎಲ್ ಓಯ್ತ್ಲಾ?"

ಅವನು ತಲೆ ತಗ್ಗಿಸಿದ. ಸುಕನ್ಯ ಕಂಬ ಬಿಟ್ಟು ಮುಂದೆ ಬಂದಳು. ಕಡ್ಡಿ! ತಾನು ಕಿಸಕ್ಕನೆ ನಕ್ಕಿದ್ದ ಅದೇ ಕಡ್ಡಿ...

"ನಂಗೆ ಮೂರು ವರ್ಷ ಆದಾಗ ನನ್ ಮಾವ ಹಾಕಿದ್ದು ಅಜ್ಜಿ. ಹಳೇ ಬಂಗಾರ, ಅಪ್ಪಟ. ಅದು ಒಗ್ಗುತ್ತೆ ಅನ್ಸ್ತು. ತೆಗೆದು ಸುಟ್ಟು ಇವ್ರಿಗೆ ಹಾಕ್ದೆ. ವಾಪಸ್ ಬೇಕು ಅಂತ ಹಾಕಿದ್ದಲ್ಲ. ಹೇಳೋ ಧೈರ್ಯ ಬರ್ಲಿಲ್ಲ, ಅಷ್ಟೇ..."

ಅಜ್ಜಿ ಸೆರಗಿಗೆ ಕಣ್ಣೊರೆಸಿಕೊಂಡು ನಕ್ಕಳು.

"ಸೋದರಮಾವನ ಬಂಗಾರವೇ ಬಿತ್ತಲ್ಲೇ ನಿನ್ ಕಿವಿಗೆ! ಲೋ, ಮುಂದಿನ್ವಾರ ಆ ನಿಮ್ಮಾವನ್ನ, ನಿಮ್ಮವ್ವನ್ನ ಕರ್ಕಂಬಾ. ಇವ್ಳಪ್ಪನ ತಾವ ನಾನು ಮಾತಾಡ್ತೀನಿ. ಇವ್ಳ ಓದು ಮುಗೀಲಿ, ಆಮ್ಯಾಕೆ ಮಿಕ್ಕಿದ್ದು."

ಹಾಗೆಂದು ತಾನೇ ಕೂತು ಮೊಮ್ಮಗಳ ತಲೆಯನ್ನು ಮಡಿಲಿಗೆ ಎಳೆದುಕೊಂಡಳು. "ಊಂ, ಹಾಕು ಕಣ್ಲಾ. ತಲೆ ನಾನ್ ಇಡ್ಕಂತೀನಿ."

ತೂತು ಮುಕ್ಕಾಲು ಮುಚ್ಚಿತ್ತು. ವೇಣು ಮೊದಲು ಸೂಜಿ ಸುಟ್ಟ, ಆಮೇಲೆ ರಿಂಗು.

"ತುಂಬಾ ನೋವಾಗುತ್ತೆ ಸುಕನ್ಯ..."

"ಕಿತ್ತಾಗ ಆದಷ್ಟು ಆಗಲ್ಲ, ಹಾಕಿ." ಅವಳು ಕಣ್ಣೆತ್ತಿ ನೋಡಿದಳು. "ಇನ್ ಮೇಲೆ ಯಾರಿಗೂ ವಾಪಸ್ ಕೊಡಲ್ಲ, ನಿಮಗೂನೂ!"

ಸೂಜಿ ಹಿಡಿದವನು ಉಸಿರನ್ನೂ ಹಿಡಿದು ಕಲ್ಲಾಗಿಬಿಟ್ಟಿದ್ದ.

ಸುಕನ್ಯ ಮೆಲ್ಲಗೆ ನಕ್ಕಳು.

"ವೇಣು... ಉಸಿರು ಬಿಡಿ."